ಅಪ್ಪನಿಗೆ ಟಿಬಿ: ಯಾವ ಪರೀಕ್ಷೆಯನ್ನು ನಂಬೋದು? ಮಾತ್ರೆ ಹಿಡಿಯುತ್ತಾ ಇದೆ ಅಂತ ಹೇಗೆ ತಿಳಿಯೋದು?

ತಿಪಟೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮಪ್ಪನಿಗೆ 58 ವರ್ಷ. ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುವ ಕೆಲಸ. ಮೂವತ್ತು ವರ್ಷದಿಂದ ಚೀಲ ಎತ್ತಿ ಇಳಿಸಿದ ಮೈ. ಯುಗಾದಿ ಹೊತ್ತಿಗೆ ಕೆಮ್ಮು ಶುರುವಾಯಿತು. ಕೊಬ್ಬರಿ ಧೂಳಿಗೆ ಇರಬೇಕು ಅಂದುಕೊಂಡೆವು. ಒಂದು ಕ್ಲಿನಿಕ್ಕಿನಲ್ಲಿ ಸಿರಪ್ ಕೊಟ್ಟರು. ಆಮೇಲೆ ಆಂಟಿಬಯಾಟಿಕ್. ಅದು ಮುಗಿದ ಮೇಲೆ ಇನ್ನೊಂದು ಆಂಟಿಬಯಾಟಿಕ್. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಸೊಂಟದಲ್ಲಿ ಪಂಚೆ ನಿಲ್ಲುತ್ತಿರಲಿಲ್ಲ, ಅಮ್ಮ ಪಂಚೆ ಮೇಲೆ ಬೆಲ್ಟ್ ಕಟ್ಟಿ ಕಳಿಸುತ್ತಿದ್ದಳು.

ಕಫ ಪರೀಕ್ಷೆ ಮಾಡಿಸಿದೆವು. ನೆಗೆಟಿವ್ ಅಂತ ಬಂತು. ನಮಗೆಲ್ಲ ಸಮಾಧಾನ ಆಯಿತು. ಮತ್ತೆ ಮೂರು ವಾರ ಸುಮ್ನೆ ಕಳೆದುಹೋಯಿತು. ಆಮೇಲೆ ಭಾವ ಒಂದು ಖಾಸಗಿ ಲ್ಯಾಬಿನಲ್ಲಿ ಟಿಬಿ ಗೋಲ್ಡ್ ಅಂತ ರಕ್ತ ಪರೀಕ್ಷೆ ಮಾಡಿಸಿದರು. ಅದು ಪಾಸಿಟಿವ್. ಒಂದು ಇದೆ ಅನ್ನುತ್ತದೆ, ಇನ್ನೊಂದು ಇಲ್ಲ ಅನ್ನುತ್ತದೆ. ಕೊನೆಗೆ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಸಿಬಿನ್ಯಾಟ್ ಅನ್ನುವ, ಕಫದಲ್ಲಿ ಕ್ರಿಮಿಯ ಡಿಎನ್‌ಎ ಹುಡುಕುವ ಮಷಿನ್ ಪರೀಕ್ಷೆಗೆ ಕಫ ಕಳಿಸಿಕೊಟ್ಟರು. ಟಿಬಿ ಇದೆ, ರಿಫಾಂಪಿಸಿನ್ ಮಾತ್ರೆಗೆ ಬಗ್ಗುತ್ತದೆ ಅಂತ ಬಂತು.

ಈಗ ಮಾತ್ರೆ ಶುರುವಾಗಿ ಮೂರು ವಾರ. ಶುರುವಿನ ದಿನ ಅಪ್ಪನ ತೂಕ 44.2 ಕೆಜಿ.

ನನ್ನ ಪ್ರಶ್ನೆ ಮೂರು. ಮೊದಲ ಪರೀಕ್ಷೆಯಲ್ಲಿ ಯಾಕೆ ಸಿಗಲಿಲ್ಲ? ಮಾತ್ರೆ ಕೆಲಸ ಮಾಡುತ್ತಿದೆ ಅಂತ ಆರು ತಿಂಗಳು ಕಾಯದೆ ತಿಳಿಯುವ ದಾರಿ ಇದೆಯಾ? ಇನ್ನೊಂದು, ಭಾವ ಈಗ ಜೀನ್ ಪರೀಕ್ಷೆ ಮಾಡಿಸೋಣ, ಯಾವ ಔಷಧಿ ಒಗ್ಗುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ ಅನ್ನುತ್ತಿದ್ದಾರೆ. ಸಾವಿರಾರು ರೂಪಾಯಿ ಖರ್ಚು. ಬೇಕಾ?

ಲ್ಯಾಬ್ ಅಣ್ಣ

ತಂಗಿ, ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. 22 ವರ್ಷ ಇದೇ ಕೆಲಸ ಮಾಡಿದ್ದೇನೆ.

ಕಫದ ಡಬ್ಬಿ ಕೈಗೆ ಬಂದ ಕೂಡಲೇ ನಾವು ನೋಡುವುದು ಅದು ಕಫವೋ ಎಂಜಲೋ ಅಂತ. ನೀರಾಗಿ, ನೊರೆ ನೊರೆಯಾಗಿದ್ದರೆ ಎಂಜಲು. ಹಳದಿಯಾಗಿ ಗಟ್ಟಿಯಾಗಿದ್ದರೆ ಎದೆಯೊಳಗಿಂದ ಬಂದಿದ್ದು. ಕಡ್ಡಿಯ ತುದಿ ಮುರಿದು, ಕೀವಿನ ಹಾಗಿರುವ ಭಾಗವನ್ನೇ ಆರಿಸಿ ಗಾಜಿನ ಮೇಲೆ ತೆಳ್ಳಗೆ ಸವರುತ್ತೇವೆ. ಅದರ ಮೇಲೆ ಕಾರ್ಬಾಲ್ ಫುಕ್ಸಿನ್ ಅನ್ನುವ ಕೆಂಪು ಬಣ್ಣ ಸುರಿದು ಕೆಳಗಿನಿಂದ ಬೆಂಕಿ ಹಿಡಿಯಬೇಕು. ಹಬೆ ಏಳಬೇಕು, ಕುದಿಯಬಾರದು. ಆಮೇಲೆ ತೊಳೆದು 25% ಸಲ್ಫ್ಯೂರಿಕ್ ಆಸಿಡ್ ಹಾಕುತ್ತೇವೆ. ಉಳಿದೆಲ್ಲದರ ಕೆಂಪು ಹೋಗುತ್ತದೆ. ಟಿಬಿ ಕ್ರಿಮಿಗೆ ಮೇಣದಂಥ ಹೊದಿಕೆ ಇರುವುದರಿಂದ ಅದು ಮಾತ್ರ ಬಣ್ಣ ಬಿಡುವುದಿಲ್ಲ. ಕೊನೆಗೆ ಮೆಥಿಲೀನ್ ನೀಲಿ. ನೀಲಿ ನೆಲದ ಮೇಲೆ ಸಣ್ಣ ಸಣ್ಣ ಕೆಂಪು ಕಡ್ಡಿಗಳು ಕಂಡರೆ ಪಾಸಿಟಿವ್. ನೂರು ಕಡೆ ನೋಡಿದ ಮೇಲೇ ನೆಗೆಟಿವ್ ಅಂತ ಬರೆಯಬೇಕು.

ತೊಂದರೆ ಏನೆಂದರೆ, ಒಂದು ಎಂಎಲ್ ಕಫದಲ್ಲಿ ಸುಮಾರು 5,000ದಿಂದ 10,000 ಕ್ರಿಮಿ ಇದ್ದರೆ ಮಾತ್ರ ಇದರಲ್ಲಿ ಕಾಣುತ್ತದೆ. ಸಿಬಿನ್ಯಾಟ್‌ಗೆ ಸುಮಾರು 130 ಇದ್ದರೂ ಸಾಕು. ನಿಮ್ಮಪ್ಪ ಆವತ್ತು ಎಂಜಲು ಕೊಟ್ಟಿರಬಹುದು, ಅಥವಾ ಕ್ರಿಮಿ ಕಮ್ಮಿ ಇದ್ದಿರಬಹುದು. ಆ ರಿಪೋರ್ಟಿನ ಅರ್ಥ "ಈ ಗಾಜಿನ ಮೇಲೆ ನನಗೆ ಕಾಣಲಿಲ್ಲ" ಅಂತ ಅಷ್ಟೇ. ಟಿಬಿ ಇಲ್ಲ ಅಂತ ಅಲ್ಲ. ಇದನ್ನು ರೋಗಿಗೆ ಬಿಡಿಸಿ ಹೇಳುವವರು ಕಮ್ಮಿ, ಅದು ನನಗೆ ಇವತ್ತಿಗೂ ಬೇಜಾರು.

ಮುಂದಿನ ಸಲ ಕಫ ಕೊಡುವಾಗ ಬೆಳಿಗ್ಗೆ ಎದ್ದ ಕೂಡಲೇ, ನೀರಲ್ಲಿ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು ಕೆಮ್ಮಲಿ. ಬಯಲಲ್ಲಿ ಕೊಡಲಿ, ಬಚ್ಚಲಲ್ಲಿ ಬೇಡ.

ಕರಾವಳಿ ಪಿಜಿ

ಲ್ಯಾಬ್ ಅಣ್ಣ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ನಾನು ಸಮುದಾಯ ವೈದ್ಯಕೀಯದಲ್ಲಿ ಪಿಜಿ ಮಾಡುತ್ತಿದ್ದೇನೆ.

ಸಿಬಿನ್ಯಾಟ್ ಸುಮ್ನೆ ಬಂದಿದ್ದಲ್ಲ. 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 1,730 ಜನರ ಕಫ ಪರೀಕ್ಷಿಸಿದ್ದರು. ಲಿಮಾ, ಬಾಕು, ಕೇಪ್‌ಟೌನ್, ಡರ್ಬನ್, ಜೊತೆಗೆ ನಮ್ಮ ಮುಂಬೈ. ಗಾಜಿನ ಪರೀಕ್ಷೆಯಲ್ಲಿ ಕಂಡವರ ಪೈಕಿ 98.2% ಜನರಲ್ಲಿ ಈ ಮಷಿನ್ನೂ ಹಿಡಿಯಿತು. ಗಾಜಿನಲ್ಲಿ ಕಾಣದೆ, ಕಲ್ಚರ್‌ನಲ್ಲಿ (ಕಫದ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಕ್ರಿಮಿ ಬೆಳೆದವರ ಪೈಕಿ ಒಂದೇ ಪರೀಕ್ಷೆಯಲ್ಲಿ 72.5%, ಮೂರು ಸಲ ಮಾಡಿದಾಗ 90.2%. ನಿಮ್ಮಪ್ಪ ಈ ಎರಡನೇ ಗುಂಪಿನವರು. ಈ ಗುಂಪಿಗೇ ಮಷಿನ್ನಿನಿಂದ ನಿಜವಾದ ಲಾಭ. ಅಂದಹಾಗೆ, ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿ ಕಾಣುವ, ಇದೇ ಥರದ ಟ್ರೂನಾಟ್ ಮಷಿನ್ ಬ್ಯಾಟರಿ ಮೇಲೂ ಓಡುತ್ತದೆ. ಅದರ ಸಂಶೋಧನೆ ನಡೆದಿದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ.

ಟಿಬಿ ಗೋಲ್ಡ್ ಬಗ್ಗೆ: ಅದು ಹೇಳುವುದು ಟಿಬಿ ಕ್ರಿಮಿ ಎಂದೋ ಮೈಯೊಳಗೆ ಹೊಕ್ಕಿದೆ ಅಂತ. ಈಗ ಕಾಯಿಲೆ ಇದೆಯಾ ಅಂತ ಅಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದವರಲ್ಲಿ 31.3% ಜನರಿಗೆ ಹೀಗೆ ಸೋಂಕು ತಗುಲಿತ್ತು. ಬಹುಪಾಲು ಜನಕ್ಕೆ ಜೀವಮಾನದಲ್ಲಿ ಕಾಯಿಲೆ ಬರುವುದೇ ಇಲ್ಲ. ನಿಮ್ಮ ಭಾವ ಅದೇ ಪರೀಕ್ಷೆ ತಾವೇ ಮಾಡಿಸಿಕೊಂಡರೂ ಪಾಸಿಟಿವ್ ಬರಬಹುದು.

ಇದಕ್ಕಿಂತ ಹಿಂದೆ ರಕ್ತದಲ್ಲಿ ಆಂಟಿಬಾಡಿ ನೋಡುವ ಟಿಬಿ ಕಿಟ್‌ಗಳಿದ್ದವು. ಅವನ್ನು 2012ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಕಾಯಿಲೆ ಇದ್ದವರಲ್ಲಿ ಇಲ್ಲ ಅನ್ನುತ್ತಿದ್ದವು, ಇಲ್ಲದವರಲ್ಲಿ ಇದೆ ಅನ್ನುತ್ತಿದ್ದವು. ಎಷ್ಟು ಜನ ಬೇಡದ ಮಾತ್ರೆ ನುಂಗಿದರೋ. ಪರೀಕ್ಷೆ ಅಂದರೆ ಸಾಕು, ನಾವು ಕೈ ಮುಗಿದುಬಿಡುತ್ತೇವೆ. ಅದನ್ನು ಯಾರ ಮೇಲೆ, ಯಾವುದಕ್ಕೆ ಹೋಲಿಸಿ ಒರೆಗೆ ಹಚ್ಚಿದರು ಅಂತ ಕೇಳುವುದಿಲ್ಲ.

ಹಸಿರು ಮದ್ದು

ಎಲ್ಲರೂ ಇಂಗ್ಲಿಷ್ ಔಷಧಿ ಬಗ್ಗೆಯೇ ಹೇಳುತ್ತಿದ್ದೀರಿ. ನಮ್ಮ ಅಜ್ಜಿಯ ತಮ್ಮನಿಗೆ ಆಗಿನ ಕಾಲದಲ್ಲಿ ಕ್ಷಯ ಬಂದಿತ್ತಂತೆ. ಆಡುಸೋಗೆ ಕಷಾಯ, ಮೇಕೆ ಹಾಲು ಇಷ್ಟರಲ್ಲೇ ವಾಸಿಯಾಗಿ 80 ವರ್ಷ ಬಾಳಿದರು. ಇದು ಸುಳ್ಳಲ್ಲ, ಮನೆಯವರೆಲ್ಲ ನೋಡಿದ್ದಾರೆ. ಇದಕ್ಕೂ ಒಂದು ಬೆಲೆ ಇದೆ ಅಲ್ವಾ?

ಬಳ್ಳಾರಿ ರೋಡ್

ನಿಮ್ಮ ಅಜ್ಜಿಯ ತಮ್ಮ ಉಳಿದಿದ್ದು ನಿಜ ಇರಬಹುದು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಷಾಯದಿಂದಲೇ ಉಳಿದರು ಅಂತ ಹೇಳುವುದು ಹೇಗೆ? ಇದಕ್ಕೆ ಉತ್ತರ ನಮ್ಮ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲೇ ಸಿಕ್ಕಿದೆ, ಬಹಳ ಜನಕ್ಕೆ ಗೊತ್ತಿಲ್ಲ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಶುರುವಾದದ್ದು. ಅಲ್ಲಿನವರು 1961ರಿಂದ 68ರವರೆಗೆ ಸುತ್ತಲಿನ 119 ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, ಮತ್ತೆ ಮತ್ತೆ ಅದೇ ಮನೆಗಳಿಗೆ ಹೋಗಿ, ಎಕ್ಸ್‌ರೇ ತೆಗೆದು ಕಫ ಪರೀಕ್ಷಿಸಿದರು. ಆಗ ಆ ಹಳ್ಳಿಗಳಿಗೆ ಟಿಬಿ ಚಿಕಿತ್ಸೆ ಹೆಚ್ಚುಕಮ್ಮಿ ತಲುಪಿರಲೇ ಇಲ್ಲ. ಐದು ವರ್ಷದಲ್ಲಿ ಕಫ ಪಾಸಿಟಿವ್ ಇದ್ದವರ ಪೈಕಿ ಸುಮಾರು ಅರ್ಧ, ಅಂದರೆ 49% ಜನ ತೀರಿಹೋಗಿದ್ದರು. 18% ಜನ ಇನ್ನೂ ಕ್ರಿಮಿ ಉಗುಳುತ್ತಿದ್ದರು. ಉಳಿದ ಮೂರನೇ ಒಂದು ಪಾಲು ಜನರ ಕಫ ತಾನಾಗಿಯೇ ನೆಗೆಟಿವ್ ಆಗಿತ್ತು.

ಆ ಮೂರನೇ ಒಂದು ಪಾಲಿನವರು ಆ ಐದು ವರ್ಷ ಏನು ತಿಂದಿದ್ದರೋ ಅದೇ ಅವರ ಮನೆಯವರಿಗೆ ಔಷಧಿಯಾಗಿ ಕಂಡಿರುತ್ತದೆ. ಆಡುಸೋಗೆ, ಮೇಕೆ ಹಾಲು, ಹರಕೆ. ತೀರಿಹೋದವರೂ ಅದೇ ಕಷಾಯ ಕುಡಿದಿರುತ್ತಾರೆ. ಅವರು ಬಂದು ಕಥೆ ಹೇಳುವುದಿಲ್ಲ. ಅದಕ್ಕೇ ಎರಡು ಗುಂಪು ಮಾಡಿ ಹೋಲಿಸಬೇಕು. 1948ರಲ್ಲಿ ಬ್ರಿಟನ್ನಿನಲ್ಲಿ ಸ್ಟ್ರೆಪ್ಟೊಮೈಸಿನ್ ಪ್ರಯೋಗದ ಫಲ ಬಂದಾಗ ಒಟ್ಟು ಇದ್ದದ್ದು 107 ರೋಗಿಗಳು. ಚೀಟಿ ಎತ್ತಿದ ಹಾಗೆ ಗುಂಪು ಹಂಚಿದ್ದರು. ಆರು ತಿಂಗಳಲ್ಲಿ ಇಂಜೆಕ್ಷನ್ ಸಿಕ್ಕ 55 ಜನರಲ್ಲಿ 4 ಸಾವು, ಬರೀ ಹಾಸಿಗೆಯಲ್ಲಿ ವಿಶ್ರಾಂತಿ ಪಡೆದ 52 ಜನರಲ್ಲಿ 14. ಔಷಧಿ ಕೆಲಸ ಮಾಡುತ್ತದೆ ಅಂತ ಯಾರೂ ಅನುಮಾನ ಪಡದ ಹಾಗೆ ಗೊತ್ತಾಯಿತು. ಆದರೆ ಒಂದೇ ಔಷಧಿ ಕೊಟ್ಟಿದ್ದರಿಂದ ಕ್ರಿಮಿ ಅದಕ್ಕೆ ಪಳಗಿಬಿಟ್ಟಿತು. ಇವತ್ತು ನಾಲ್ಕು ಔಷಧಿ ಒಟ್ಟಿಗೆ ಕೊಡುವುದು ಅದರಿಂದ ಕಲಿತ ಪಾಠ.

ತಿಪಟೂರಿನ ತಂಗಿಗೆ ಇನ್ನೊಂದು ಮಾತು. ನಿಮ್ಮ ಜಿಲ್ಲೆಯಲ್ಲೇ, ಅದೇ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಟಿಬಿ ಇದ್ದವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದ್ದರು. 1963ರಲ್ಲಿ ಅದು ಪ್ರಕಟವಾಯಿತು. ಜನರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೇ ಬರುವುದಿಲ್ಲ ಅನ್ನುವ ನಂಬಿಕೆ ಆಗಿನದು. ಆದರೆ ರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಆಸ್ಪತ್ರೆಗೆ ಹೋಗಿದ್ದರು. ಕೆಮ್ಮಿನ ಔಷಧಿ ಕೊಟ್ಟು ವಾಪಸ್ ಕಳಿಸಿದ್ದರು. ನಿಮ್ಮ ಪತ್ರ ಓದುವಾಗ ನನಗೆ ಅದೇ ನೆನಪಾಗಿ ಹೊಟ್ಟೆ ಉರಿಯಿತು. ಅರವತ್ತು ವರ್ಷ ಕಳೆದಿದೆ.

ಹಸಿರು ಮದ್ದು

ಮೂರನೇ ಒಂದು ಪಾಲು ಜನ ಔಷಧಿ ಇಲ್ಲದೆ ಉಳಿಯುತ್ತಿದ್ದರು ಅಂತ ನನಗೆ ಗೊತ್ತಿರಲಿಲ್ಲ. ಅರ್ಧ ಜನ ಹೋಗುತ್ತಿದ್ದರು ಅನ್ನುವುದೂ. ಅಜ್ಜಿಗೆ ಇನ್ನೊಬ್ಬ ತಮ್ಮ ಇದ್ದ, ಚಿಕ್ಕ ವಯಸ್ಸಿಗೇ ಕೆಮ್ಮಿ ಕೆಮ್ಮಿ ಹೋದ ಅಂತ ಅಮ್ಮ ಇವತ್ತು ಹೇಳಿದಳು. ಅವನಿಗೂ ಕಷಾಯ ಕೊಟ್ಟಿದ್ದರಂತೆ.

ತಿಪಟೂರಿನ ಮಗಳು

ಎಲ್ಲರಿಗೂ ತುಂಬಾ ಧನ್ಯವಾದ. ಅಮ್ಮನಿಗೆ ಎಲ್ಲಾ ಓದಿ ಹೇಳಿದೆ. ಜೀನ್ ಪರೀಕ್ಷೆ ಬಗ್ಗೆ ಯಾರಾದರೂ ಹೇಳುತ್ತೀರಾ? ಇನ್ನೊಂದು, ಮನೆಯಲ್ಲಿ ನನ್ನ ನಾಲ್ಕು ವರ್ಷದ ಮಗ ಇದ್ದಾನೆ. ಅಪ್ಪನನ್ನು ಹೊರಗಿನ ರೂಮಿನಲ್ಲಿ ಮಲಗಿಸಿದ್ದೇವೆ. ಅವರಿಗೆ ಬೇರೆ ತಟ್ಟೆ, ಬೇರೆ ಲೋಟ. ಊಟ ಹೊಸ್ತಿಲಲ್ಲಿ ಇಡುವಾಗ ನನಗೆ ಅಳು ಬರುತ್ತದೆ.

ಕರಾವಳಿ ಪಿಜಿ

ತಟ್ಟೆ ಲೋಟ ಬೇರೆ ಮಾಡುವುದು ಬೇಡವೇ ಬೇಡ. ಟಿಬಿ ಹರಡುವುದು ಉಸಿರಿನಲ್ಲಿ, ತಟ್ಟೆಯಲ್ಲಿ ಅಲ್ಲ. ಕಿಟಕಿ ತೆಗೆದಿಡಿ, ಗಾಳಿ ಬೆಳಕು ಬರಲಿ. ಮೊದಲ ಕೆಲವು ವಾರ ಅಪ್ಪ ಮಾಸ್ಕ್ ಹಾಕಲಿ. ಊಟ ಒಳಗೇ ಬಡಿಸಿ.

1956ರಲ್ಲಿ ಮದ್ರಾಸಿನಲ್ಲಿ 193 ರೋಗಿಗಳ ಮೇಲೆ ಒಂದು ಪ್ರಯೋಗ ಶುರುವಾಯಿತು. ಅರ್ಧ ಜನ ಸ್ಯಾನಟೋರಿಯಮ್ಮಿನಲ್ಲಿ, ಅಂದರೆ ಟಿಬಿ ರೋಗಿಗಳನ್ನು ಇಟ್ಟುಕೊಳ್ಳುವ ಆಸ್ಪತ್ರೆಯಲ್ಲಿ, ಒಳ್ಳೆ ಊಟ, ವಿಶ್ರಾಂತಿ. ಉಳಿದರ್ಧ ಜನ ತಮ್ಮ ತಮ್ಮ ಇಕ್ಕಟ್ಟಿನ ಮನೆಗಳಲ್ಲಿ. ಇಬ್ಬರಿಗೂ ಅದೇ ಮಾತ್ರೆ. 1959ರಲ್ಲಿ ಫಲ ಬಂತು: ಗುಣವಾಗುವುದರಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಮನೆಯಲ್ಲಿ ಚಿಕಿತ್ಸೆ ಪಡೆದವರ ಮನೆಮಂದಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಲಿಲ್ಲ. ಜಗತ್ತಿನಾದ್ಯಂತ ಸ್ಯಾನಟೋರಿಯಂಗಳು ಮುಚ್ಚಲು ಇದೊಂದು ದೊಡ್ಡ ಕಾರಣ. ಮಗುವಿಗೆ ಅಪಾಯ ಮಾತ್ರೆ ಶುರುವಾಗುವುದಕ್ಕೆ ಮುಂಚಿನ ತಿಂಗಳುಗಳದ್ದು. ಆದ್ದರಿಂದ ಅವನನ್ನು ಈ ವಾರವೇ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಕಾಯಿಲೆ ಇಲ್ಲ ಅಂತ ಖಚಿತವಾದ ಮೇಲೆ ತಡೆಗಟ್ಟುವ ಮಾತ್ರೆ ಉಚಿತವಾಗಿ ಕೊಡುತ್ತಾರೆ.

ಇನ್ನು ಜೀನ್ ಪರೀಕ್ಷೆ. ಭಾವ ಹೇಳುವುದರಲ್ಲಿ ಸತ್ಯದ ಅಂಶ ಇದೆ. ನಾಲ್ಕು ಮಾತ್ರೆಗಳಲ್ಲಿ ಒಂದಾದ ಐಸೋನಿಯಾಜಿಡ್ ಅನ್ನು ಕೆಲವರ ಲಿವರ್ ಬೇಗ ಕರಗಿಸುತ್ತದೆ, ಕೆಲವರದು ನಿಧಾನ. ಇದು ಹುಟ್ಟಿನಿಂದ ಬಂದ ಗುಣ ಅಂತ 1960ರಲ್ಲೇ ತೋರಿಸಿದ್ದರು. ಮದ್ರಾಸಿನವರು ಇದನ್ನು ರೋಗಿಗಳಲ್ಲೇ ನೋಡಿದರು. ವಾರಕ್ಕೊಮ್ಮೆ ಮಾತ್ರೆ ಕೊಟ್ಟಾಗ ಬೇಗ ಕರಗಿಸುವವರು ಹಿಂದೆ ಬಿದ್ದರು. ದಿನಾ ಕೊಟ್ಟಾಗ ಆ ವ್ಯತ್ಯಾಸ ಹೆಚ್ಚುಕಮ್ಮಿ ಅಳಿಸಿಹೋಗುತ್ತದೆ. ಈಗ ನಿಮ್ಮಪ್ಪನಿಗೆ ಕೊಡುತ್ತಿರುವುದು ದಿನಾ. ನಿಧಾನ ಕರಗಿಸುವವರಿಗೆ ಲಿವರ್ ತೊಂದರೆ ಸ್ವಲ್ಪ ಜಾಸ್ತಿ. 2013ರಲ್ಲಿ ಜಪಾನಿನಲ್ಲಿ 172 ರೋಗಿಗಳಲ್ಲಿ ಜೀನ್ ನೋಡಿ ಪ್ರಮಾಣ ಹೊಂದಿಸಿದಾಗ ಲಿವರ್ ತೊಂದರೆ ಕಮ್ಮಿಯಾಯಿತು. ಅದು ಸಣ್ಣ ಅಧ್ಯಯನ, ಆದರೆ ಭರವಸೆ ಕೊಡುವಂಥದ್ದು. ಇವತ್ತಿನ ಮಟ್ಟಿಗೆ ಆ ದುಡ್ಡು ಉಳಿಸಿ. ಹೊಟ್ಟೆ ತೊಳಸುವುದು, ಕಣ್ಣು ಹಳದಿಯಾಗುವುದು, ಕಾಲು ಜುಮ್ಮೆನ್ನುವುದು ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಮೂತ್ರ ಕಿತ್ತಳೆ ಬಣ್ಣ ಬಂದರೆ ಗಾಬರಿ ಬೇಡ, ಅದು ರಿಫಾಂಪಿಸಿನ್ ಬಣ್ಣ.

ದುಡ್ಡಿಲ್ಲದೆ ಆಗುವ, ನಿಜಕ್ಕೂ ಬೇಕಾದ ಜೀನ್ ಪರೀಕ್ಷೆ ಬೇರೆ ಇದೆ. ಅದು ಅಪ್ಪನ ಜೀನ್ ಅಲ್ಲ, ಕ್ರಿಮಿಯದು. ಸಿಬಿನ್ಯಾಟ್ ಕ್ರಿಮಿಯ ಒಂದು ಸಣ್ಣ ತುಣುಕು ನೋಡಿ ರಿಫಾಂಪಿಸಿನ್ ಬಗ್ಗೆ ಮಾತ್ರ ಹೇಳಿದೆ. ಐಸೋನಿಯಾಜಿಡ್ ಬಗ್ಗೆ ತಿಳಿಯಲು ಎಲ್‌ಪಿಎ ಅಂತ ಇನ್ನೊಂದು ಪರೀಕ್ಷೆ ಇದೆ. ಕಫ ಅದಕ್ಕೆ ಕಳಿಸಿದ್ದಾರಾ ಅಂತ ಕೇಳಿ.

ಗೆದ್ದು ಬಂದವಳು

ಈ ಕೊನೆಯ ಮಾತನ್ನು ದಯವಿಟ್ಟು ಬಿಡಬೇಡಿ ಅಕ್ಕ. ನನಗೆ ಮೊದಲು ಟಿಬಿ ಬಂದಾಗ ಯಾರೂ ಕ್ರಿಮಿಯ ಪರೀಕ್ಷೆ ಮಾಡಲಿಲ್ಲ. ಎಲ್ಲರಿಗೂ ಕೊಡುವ ಮಾತ್ರೆಯನ್ನೇ ಆರು ತಿಂಗಳು ನುಂಗಿದೆ. ಒಂದು ದಿನವೂ ತಪ್ಪಿಸಲಿಲ್ಲ. ಆದರೂ "ನೀನು ಸರಿಯಾಗಿ ತಗೊಂಡಿಲ್ಲ" ಅಂದರು. ಆಮೇಲೆ ನೋಡಿದರೆ ಅದು ಮೊದಲಿನಿಂದಲೂ ಮಾತ್ರೆಗೆ ಬಗ್ಗದ ಟಿಬಿ. ಎರಡು ವರ್ಷ ಹತ್ತಿರ ಚಿಕಿತ್ಸೆ, ಮೊದಲ ತಿಂಗಳುಗಳಲ್ಲಿ ದಿನಾ ಕ್ಯಾನಮೈಸಿನ್ ಇಂಜೆಕ್ಷನ್. ಸೊಂಟದಲ್ಲಿ ಚುಚ್ಚಲು ಜಾಗ ಇರಲಿಲ್ಲ. ಈಗ ಬಲಗಿವಿ ಕೇಳುವುದಿಲ್ಲ. ಮೊಬೈಲ್ ಎಡಗಿವಿಗೇ ಹಿಡಿಯುತ್ತೇನೆ.

ಇಂಥ ಟಿಬಿಗೆ ಈಗ ಬಂದಿರುವ ಹೊಸ ಚಿಕಿತ್ಸೆಯಲ್ಲಿ ಇಂಜೆಕ್ಷನ್ ಇಲ್ಲ, ಆರು ತಿಂಗಳಲ್ಲಿ ಮುಗಿಯುತ್ತದೆ ಅಂತ ಕೇಳಿ ಒಂದು ಕಡೆ ಖುಷಿ, ಒಂದು ಕಡೆ ಸಂಕಟ. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೊಸ ಚಿಕಿತ್ಸೆ ಪಡೆದವರಲ್ಲಿ 89% ಜನರಿಗೆ ಒಳ್ಳೆ ಫಲ, ಹಳೆಯದರಲ್ಲಿ 52%. ಆ ಹಳೆಯದೇ ನನ್ನದು. ಆ ಪ್ರಯೋಗಕ್ಕೆ ಒಪ್ಪಿ ಸೇರಿಕೊಂಡ ಉಜ್ಬೇಕಿಸ್ತಾನ, ಬೆಲಾರುಸ್, ದಕ್ಷಿಣ ಆಫ್ರಿಕಾದ ರೋಗಿಗಳಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

ಅಂಕಿ ಸಂಖ್ಯೆ

ನಾನು ಹೊರದೇಶದಲ್ಲಿ ಕ್ಲಿನಿಕಲ್ ಟ್ರಯಲ್‌ಗಳ ಲೆಕ್ಕ ನೋಡುವವಳು. ಹಾಸನದ ಕಡೆಯವಳು. ಎರಡನೇ ಪ್ರಶ್ನೆ ನನ್ನದು: ಆರು ತಿಂಗಳು ಕಾಯದೆ ಫಲ ತಿಳಿಯಬಹುದಾ?

ಬಹಳ ವರ್ಷ ಎಲ್ಲರೂ ನಂಬಿದ್ದ ಸೂಚನೆ ಎರಡು ತಿಂಗಳ ಕಫ ಕಲ್ಚರ್. ಎರಡು ತಿಂಗಳಿಗೆ ಕ್ರಿಮಿ ಬೆಳೆಯುವುದು ನಿಂತರೆ ಚಿಕಿತ್ಸೆ ಗೆದ್ದಂತೆ. ಹೊಸ ಮಾತ್ರೆಗಳು ಹೆಚ್ಚು ಜನರಲ್ಲಿ ಬೇಗ ನಿಲ್ಲಿಸಿದರೆ, ಚಿಕಿತ್ಸೆಯನ್ನು ನಾಲ್ಕು ತಿಂಗಳಿಗೆ ಇಳಿಸಬಹುದು ಅಂತ ಲೆಕ್ಕ. ಈ ನಂಬಿಕೆಯ ಮೇಲೆ ಮೂರು ದೊಡ್ಡ ಪ್ರಯೋಗ ನಡೆದವು. ಅದರಲ್ಲಿ ಒಂದರಲ್ಲೇ 1,931 ರೋಗಿಗಳು. 2014ರಲ್ಲಿ ಫಲ ಬಂತು. ಹೊಸ ಮಾತ್ರೆ ಕಫವನ್ನು ನಿಜವಾಗಿಯೂ ಬೇಗ ಶುದ್ಧ ಮಾಡಿತ್ತು. ಆದರೆ ನಾಲ್ಕು ತಿಂಗಳಿಗೆ ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸಿತು. ಆ ದೊಡ್ಡ ಪ್ರಯೋಗದಲ್ಲಿ ಒಳ್ಳೆ ಫಲ ಪಡೆದವರು ಹಳೆ ಆರು ತಿಂಗಳಲ್ಲಿ 92%, ಹೊಸ ನಾಲ್ಕು ತಿಂಗಳ ಎರಡು ಗುಂಪುಗಳಲ್ಲಿ 85% ಮತ್ತು 80%. ಮೂರೂ ಪ್ರಯೋಗಗಳಲ್ಲಿ ನಾಲ್ಕು ತಿಂಗಳ ಲೆಕ್ಕ ಸೋತಿತು.

ಆ ಸೋಲಿನ ಲೆಕ್ಕವನ್ನು ಯಾರೂ ಮೂಲೆಗೆ ಎಸೆಯಲಿಲ್ಲ. ನನಗೆ ಈ ಕೆಲಸದಲ್ಲಿ ತುಂಬಾ ಹಿಡಿಸುವ ವಿಷಯ ಇದೇ. ಮೂರೂ ಪ್ರಯೋಗಗಳ 3,400ಕ್ಕೂ ಹೆಚ್ಚು ರೋಗಿಗಳ ಮಾಹಿತಿ ಒಟ್ಟು ಸೇರಿಸಿ ಮತ್ತೆ ನೋಡಿದರು, 2018ರಲ್ಲಿ ಪ್ರಕಟಿಸಿದರು. ಸುಮಾರು 47% ಜನರಿಗೆ ಕಾಯಿಲೆ ಹಗುರ, ಅವರಿಗೆ ನಾಲ್ಕು ತಿಂಗಳೇ ಸಾಕಿತ್ತು. ಇನ್ನೊಂದು 34% ಜನರಿಗೆ ಕಫದಲ್ಲಿ ಕ್ರಿಮಿ ತುಂಬಾ ಜಾಸ್ತಿ, ಜೊತೆಗೆ ಎಕ್ಸ್‌ರೇಯಲ್ಲಿ ಶ್ವಾಸಕೋಶದಲ್ಲಿ ಗೂಡು, ಅಂದರೆ ಕಾಯಿಲೆ ಕೊರೆದ ಟೊಳ್ಳು. ಅವರಿಗೆ ಆರು ತಿಂಗಳೂ ಸಾಲದು ಅನ್ನುವ ಹಾಗಿತ್ತು. ಹತ್ತರಲ್ಲಿ ಒಂದು ದಿನದ ಮಾತ್ರೆ ತಪ್ಪಿದರೂ ಮರುಕಳಿಸುವ ಸಾಧ್ಯತೆ ಬಹಳ ಏರುತ್ತಿತ್ತು. ಇದನ್ನು ತಿಳಿಸಿದ್ದು ಹೊಸ ಮಷಿನ್ ಅಲ್ಲ. ಗಾಜಿನ ಮೇಲೆ ಕ್ರಿಮಿ ಎಷ್ಟು ಕಂಡವು ಅಂತ ಲ್ಯಾಬ್ ಅಣ್ಣ ದಿನಾ ಬರೆಯುವ 1+, 3+ ಅನ್ನುವ ಗುರುತು, ಮತ್ತು ಒಂದು ಎಕ್ಸ್‌ರೇ.

ಆದ್ದರಿಂದ ಅಪ್ಪನ ಹಳೆ ಎಕ್ಸ್‌ರೇ ಕಾಪಾಡಿ ಇಡಿ. ಆರು ತಿಂಗಳು ಪೂರ್ತಿ ಮಾಡಿ. ಮಧ್ಯದಲ್ಲಿ ಹಸಿವು ಬಂದು, ಕೆಮ್ಮು ನಿಂತು, "ನನಗೇನಾಗಿದೆ" ಅನ್ನುವ ದಿನ ಬರುತ್ತದೆ. ಹುಷಾರಾಗಿರಬೇಕಾದ್ದು ಆಗಲೇ.

ಪಕ್ಕದ ಬೀದಿ

ನಮ್ಮ ಏರಿಯಾದಲ್ಲಿ ಎಲ್ಲರಿಗೂ ಸಿಬಿನ್ಯಾಟ್ ಮಾಡಿಸಿಬಿಟ್ಟರೆ ಟಿಬಿ ಮುಗಿದೇ ಹೋಗುತ್ತದೆ ಅಲ್ವಾ? ಅಷ್ಟು ಒಳ್ಳೆ ಪರೀಕ್ಷೆ ಇದ್ದ ಮೇಲೆ?

ಅಂಕಿ ಸಂಖ್ಯೆ

ಒಳ್ಳೆ ಪ್ರಶ್ನೆ. ಒಂದು ಲೆಕ್ಕ ಹಾಕೋಣ. ಪರೀಕ್ಷೆ ಕಾಯಿಲೆ ಇಲ್ಲದ ನೂರರಲ್ಲಿ 99 ಜನಕ್ಕೆ ಸರಿಯಾಗಿ ಇಲ್ಲ ಅನ್ನುತ್ತದೆ ಅಂತ ಇಟ್ಟುಕೊಳ್ಳಿ. ನಿಮ್ಮ ಬೀದಿಯಲ್ಲಿ 1,000 ಜನ, ನಿಜವಾಗಿ ಟಿಬಿ ಇರುವವರು 5. ಪರೀಕ್ಷೆ 4 ಜನರನ್ನು ಹಿಡಿಯಿತು. ಕಾಯಿಲೆ ಇಲ್ಲದ 995 ಜನರಲ್ಲಿ ನೂರಕ್ಕೊಬ್ಬರಂತೆ 10 ಜನಕ್ಕೆ ತಪ್ಪಾಗಿ ಪಾಸಿಟಿವ್. ಒಟ್ಟು 14 ಪಾಸಿಟಿವ್, ಅದರಲ್ಲಿ 10 ಸುಳ್ಳು.

ಅದೇ ಪರೀಕ್ಷೆಯನ್ನು ಎರಡು ವಾರ ಕೆಮ್ಮಿದವರು ಬರುವ ಆಸ್ಪತ್ರೆಯಲ್ಲಿ ಮಾಡಿ. 1,000 ಜನರಲ್ಲಿ 100 ಜನಕ್ಕೆ ನಿಜವಾಗಿ ಟಿಬಿ. 85 ಜನರನ್ನು ಹಿಡಿಯಿತು ಅನ್ನೋಣ, ಸುಳ್ಳು ಪಾಸಿಟಿವ್ 9. ಮಷಿನ್ ಅದೇ, ಕಫ ಕೊಟ್ಟವರು ಬೇರೆ. ಅದಕ್ಕೇ ಮೊದಲು ಲಕ್ಷಣ ಕೇಳಿ, ಎಕ್ಸ್‌ರೇ ನೋಡಿ, ಆಮೇಲೆ ಮಷಿನ್ನಿಗೆ ಕಳಿಸುವುದು.

ಲ್ಯಾಬ್ ಅಣ್ಣ

ಇದಕ್ಕೆ ಸೇರಿದ ಇನ್ನೊಂದು. ಸಿಬಿನ್ಯಾಟ್ ಹಿಡಿಯುವುದು ಕ್ರಿಮಿಯ ಡಿಎನ್‌ಎ. ಸತ್ತ ಕ್ರಿಮಿಗೂ ಡಿಎನ್‌ಎ ಇರುತ್ತದೆ. ಚಿಕಿತ್ಸೆ ನಡೆಯುವಾಗ ಮತ್ತೆ ಸಿಬಿನ್ಯಾಟ್ ಮಾಡಿಸಿ, ಪಾಸಿಟಿವ್ ಬಂತು ಅಂತ ಅಳುತ್ತಾ ಬಂದವರನ್ನು ನೋಡಿದ್ದೇನೆ. ಚಿಕಿತ್ಸೆ ಹಿಡಿಯಿತಾ ಅಂತ ನೋಡುವುದು ಗಾಜಿನ ಪರೀಕ್ಷೆ ಮತ್ತು ಕಲ್ಚರ್‌ನಲ್ಲಿ. ಹಳೆಯದು ಅಂತ ಅದನ್ನು ಬಿಸಾಡುವ ಹಾಗಿಲ್ಲ.

ಕರಾವಳಿ ಪಿಜಿ

ಈಗ ನಾನು ಮೊದಲೇ ಹೇಳಬೇಕು ಅಂದುಕೊಂಡಿದ್ದು: ತೂಕ.

ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಮುಂದಾಳತ್ವದಲ್ಲಿ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 'ರೇಷನ್ಸ್' ಅನ್ನುವ ಅಧ್ಯಯನ ನಡೆಯಿತು. 2023ರಲ್ಲಿ ಪ್ರಕಟವಾಯಿತು. 2,800 ರೋಗಿಗಳು. ಚಿಕಿತ್ಸೆ ಶುರುವಾಗುವಾಗ ಗಂಡಸರ ಸರಾಸರಿ ತೂಕ 42.6 ಕೆಜಿ, ಹೆಂಗಸರದು 36.1. ಮತ್ತೊಮ್ಮೆ ಓದಿ: ದೊಡ್ಡ ಹೆಂಗಸು, 36 ಕೆಜಿ. ರೋಗಿಗೆ ಮಾತ್ರೆಯ ಜೊತೆ ತಿಂಗಳಿಗೆ ಹತ್ತು ಕೆಜಿ ಆಹಾರ ಕೊಟ್ಟರು. ಅಕ್ಕಿ, ಹುರಿಗಡಲೆ, ಹಾಲಿನ ಪುಡಿ, ಎಣ್ಣೆ. ಮನೆಯವರಲ್ಲಿ ಅರ್ಧ ಗುಂಪಿಗೂ ಅಕ್ಕಿ ಬೇಳೆ ಕೊಟ್ಟರು. ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು 39% ಕಮ್ಮಿಯಾಯಿತು.

ನಿಮ್ಮ ಪ್ರಶ್ನೆಗೆ ಬೇಕಾದ ಅಂಕಿ ಇನ್ನೊಂದು. ಮೊದಲ ಎರಡು ತಿಂಗಳಲ್ಲಿ ತೂಕ 5% ಏರಿದವರಲ್ಲಿ ಸಾವಿನ ಅಪಾಯ 61% ಕಮ್ಮಿ ಇತ್ತು. ಒಂದೇ ಒಂದು ಪರ್ಸೆಂಟ್ ಏರಿದರೂ 13% ಕಮ್ಮಿ. ಯಾರು ಚೇತರಿಸಿಕೊಳ್ಳುತ್ತಾರೆ, ಯಾರ ಮೇಲೆ ಹೆಚ್ಚು ನಿಗಾ ಬೇಕು ಅಂತ ತಿಳಿಸುವ ಇಷ್ಟು ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಅಪ್ಪನಿಗೆ 44.2ರ 5% ಅಂದರೆ ಸುಮಾರು 2.2 ಕೆಜಿ. ಎರಡು ತಿಂಗಳಿಗೆ 46.4 ಇರಬೇಕು. ಬರೆದಿಟ್ಟುಕೊಳ್ಳಿ. ಮೊಟ್ಟೆ, ಬೇಳೆ, ಕಡಲೆಬೀಜ, ಹಾಲು ಬಿಡಬೇಡಿ. ಟಿಬಿ ರೋಗಿಯ ಊಟಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ದುಡ್ಡು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ಬ್ಯಾಂಕ್ ಖಾತೆ ವಿವರ ಕೊಟ್ಟಿದ್ದೀರಾ ನೋಡಿ.

ತಿಪಟೂರಿನ ಮಗಳು

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್‌ಪಿಎ ರಿಪೋರ್ಟ್ ಬಂತು, ಐಸೋನಿಯಾಜಿಡ್‌ಗೂ ಬಗ್ಗುತ್ತದೆ. ಮಗನಿಗೆ ತಡೆಗಟ್ಟುವ ಮಾತ್ರೆ ಶುರು ಮಾಡಿದ್ದಾರೆ. ಎರಡು ತಿಂಗಳ ಕಫ ಪರೀಕ್ಷೆ ನೆಗೆಟಿವ್. ಕೆಮ್ಮು ನಿಂತಿದೆ. ಅಪ್ಪ ಈಗ ನಮ್ಮ ಜೊತೆಯೇ ಕೂತು ಊಟ ಮಾಡುತ್ತಾರೆ.

ಆದರೆ ತೂಕ 44.8. ಎರಡು ತಿಂಗಳಿಗೆ ಬರೀ 600 ಗ್ರಾಂ. ಅಪ್ಪ ಮಂಡಿಯ ಮಷಿನ್ ಮೇಲೂ ನಿಂತು ನೋಡಿದರು. ಮೂವತ್ತು ವರ್ಷ ತೂಕ ಹಾಕಿದವರು, ಮಷಿನ್ ಸೊನ್ನೆಗೆ ಬರುವವರೆಗೆ ಕಾದು, ಚಪ್ಪಲಿ ಬಿಟ್ಟು, ಜೇಬಿನ ಬೀಗದಕೈ ತೆಗೆದು ನಿಂತರು. ಅಷ್ಟೇ. ಊಟ ಚೆನ್ನಾಗಿ ಮಾಡುತ್ತಾರೆ. ದಿನಕ್ಕೆ ಎರಡು ಮೊಟ್ಟೆ. ಕಫ ಸರಿ ಇದೆಯಲ್ಲ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ ಅಂತ ಎಲ್ಲರೂ ಹೇಳುತ್ತಿದ್ದಾರೆ.

ಕರಾವಳಿ ಪಿಜಿ

ತಲೆ ಕೆಡಿಸಿಕೊಳ್ಳಿ. ಊಟ ಮಾಡುತ್ತಿದ್ದಾರೆ, ಕ್ರಿಮಿ ಕಮ್ಮಿಯಾಗಿದೆ, ಆದರೂ ಮೈ ಹಿಡಿಯುತ್ತಿಲ್ಲ. ಸಕ್ಕರೆ ನೋಡಿದ್ದಾರಾ? ಟಿಬಿ ಇದ್ದ ಎಲ್ಲರಿಗೂ ಶುರುವಿನಲ್ಲೇ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಆಗಬೇಕು. ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ ಅಂತ ಅಮ್ಮನನ್ನು ಕೇಳಿ.

ತಿಪಟೂರಿನ ಮಗಳು

ಅಮ್ಮ ಹೇಳಿದಳು, ನಾಲ್ಕೈದು ಸಲ. ಮಾತ್ರೆಯಿಂದ ಇರಬೇಕು ಅಂದುಕೊಂಡಿದ್ದಳಂತೆ. ಚಿಕಿತ್ಸೆ ಪುಸ್ತಕದಲ್ಲಿ ಸಕ್ಕರೆ ಅನ್ನುವ ಕಡೆ ಖಾಲಿ ಬಿಟ್ಟಿದ್ದಾರೆ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗುತ್ತೇನೆ.

ತಿಪಟೂರಿನ ಮಗಳು

ಖಾಲಿ ಹೊಟ್ಟೆಯಲ್ಲಿ 214. ಊಟದ ಮೇಲೆ 331. ಎಚ್‌ಐವಿ ನೆಗೆಟಿವ್. ಡಾಕ್ಟರ್ ಸಕ್ಕರೆಗೆ ಮಾತ್ರೆ ಬರೆದಿದ್ದಾರೆ. ನಮ್ಮ ವಂಶದಲ್ಲಿ ಯಾರಿಗೂ ಸಕ್ಕರೆ ಇರಲಿಲ್ಲ.

ಕರಾವಳಿ ಪಿಜಿ

ಸಿಕ್ಕಿತಲ್ಲ, ಒಳ್ಳೆಯದಾಯಿತು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಟಿಬಿಯಿಂದ ಸಾವಿನ ಅಪಾಯ ಸುಮಾರು ಎರಡು ಪಟ್ಟು, ಮರುಕಳಿಸುವುದು ಅದಕ್ಕಿಂತಲೂ ಜಾಸ್ತಿ ಅಂತ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2011ರಲ್ಲೇ ತೋರಿಸಿದ್ದಾರೆ. ರಿಫಾಂಪಿಸಿನ್ ಕೆಲವು ಸಕ್ಕರೆ ಮಾತ್ರೆಗಳ ಶಕ್ತಿ ಇಳಿಸುತ್ತದೆ, ಅದಕ್ಕೇ ಪದೇ ಪದೇ ಸಕ್ಕರೆ ನೋಡಿಸಬೇಕು. ಎರಡೂ ಕಾಯಿಲೆಯ ಚೀಟಿ ಇಬ್ಬರು ಡಾಕ್ಟರಿಗೂ ತೋರಿಸಿ. ಕಾಲು ಜುಮ್ಮೆನ್ನದಂತೆ ಬಿ6 ಮಾತ್ರೆ ಇದೆಯಾ ಕೇಳಿ. ಟಿಬಿ ಮಾತ್ರೆ ಒಂದು ದಿನವೂ ನಿಲ್ಲಿಸಬಾರದು.

ಗೆದ್ದು ಬಂದವಳು

ಅಕ್ಕ, ಅಮ್ಮನಿಗೆ ಹೇಳಿ, ತಪ್ಪು ಅವರದಲ್ಲ. ಆ ಪುಸ್ತಕದಲ್ಲಿ ಖಾಲಿ ಬಿಟ್ಟವರದು.

ತಿಪಟೂರಿನ ಮಗಳು

ನಾಲ್ಕನೇ ತಿಂಗಳು ಮುಗಿಯಿತು. ಖಾಲಿ ಹೊಟ್ಟೆ ಸಕ್ಕರೆ 128. ತೂಕ 47.1. ಅಪ್ಪ ಅಮ್ಮನ ಬೆಲ್ಟ್ ವಾಪಸ್ ಕೊಟ್ಟಿದ್ದಾರೆ, ಪಂಚೆ ನಿಲ್ಲುತ್ತದೆ. ಕ್ಯಾಲೆಂಡರಿನಲ್ಲಿ ದಿನಾ ಮಾತ್ರೆ ನುಂಗಿದ ಮೇಲೆ ಅವರೇ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾರೆ. ತಿಂಗಳ ಮೊದಲ ಸೋಮವಾರ ಪಕ್ಕದಲ್ಲೇ ತೂಕ ಬರೆಯುತ್ತಾರೆ, ಗ್ರಾಂ ಸಮೇತ.

ಮಂಡಿಯಲ್ಲಿ ಇನ್ನೊಬ್ಬ ಹಮಾಲಿಗೆ ಒಂದು ತಿಂಗಳಿಂದ ಕೆಮ್ಮು ಇದೆಯಂತೆ. ಅಪ್ಪ ಅವನನ್ನು ಮಷಿನ್ ಮೇಲೆ ನಿಲ್ಲಿಸಿ ನೋಡಿದ್ದಾರೆ, 41. ನಾಳೆ ಬೆಳಿಗ್ಗೆ ಕಫದ ಡಬ್ಬಿ ತಗೊಂಡು ಇಬ್ಬರೂ ಒಟ್ಟಿಗೆ ಹೋಗುತ್ತಿದ್ದಾರೆ. ಬಾಯಿ ಮುಕ್ಕಳಿಸಿ, ಆಳವಾಗಿ ಕೆಮ್ಮಬೇಕು ಅಂತ ಲ್ಯಾಬ್ ಅಣ್ಣ ಹೇಳಿದ್ದನ್ನು ಅಪ್ಪ ಅವನಿಗೆ ಎರಡು ಸಲ ಹೇಳಿದ್ದಾರೆ.